ದ್ರಾಕ್ಷಾರಸದ ವ್ಯಾಪಾರಿಯ ಪತ್ರಗಳು: ಒಂದು ಹಳೆಯ ಕಟ್ಟನ್ನು ನಾನು ಓದಿದ ಬಗೆ

ಹಳೆಯ ಸಂಸ್ಥೆಗಳ ದಾಖಲೆ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ‘ಬಿಲ್ಲುಗಳು, ಇತರೆ’ ಎಂದು ಬರೆದ ಪೆಟ್ಟಿಗೆಯ ಪರಿಚಯ ಇದ್ದೇ ಇರುತ್ತದೆ. ಧರ್ಮಾಧ್ಯಕ್ಷರ ಪತ್ರಗಳು, ಜಮೀನಿನ ದಸ್ತಾವೇಜುಗಳು, ವಿದ್ಯಾರ್ಥಿಗಳ ದಾಖಲಾತಿ ಪುಸ್ತಕಗಳು ಮೊದಲು ಪಟ್ಟಿಯಾಗುತ್ತವೆ. ಮಾಂಸದಂಗಡಿಯ ಬಿಲ್ಲು, ಮೇಣದಬತ್ತಿಯ ಬಿಲ್ಲು, ಕಲ್ಲಿದ್ದಲಿನ ಬಿಲ್ಲು ಕೊನೆಗೆ ಉಳಿಯುತ್ತವೆ. ಎಷ್ಟೋ ಕಡೆ ಅವು ಪಟ್ಟಿಯಾಗುವುದೇ ಇಲ್ಲ. ಉತ್ತರ ಇಂಗ್ಲೆಂಡಿನ ಒಂದು ಕ್ಯಾಥೊಲಿಕ್ ಕಾಲೇಜಿನ ಕಾಗದಪತ್ರಗಳನ್ನು ಪಟ್ಟಿ ಮಾಡುವ ಕೆಲಸದಲ್ಲಿ ನನ್ನ ಪಾಲಿಗೆ ಬಂದದ್ದು ಅಂಥದೊಂದು ಪೆಟ್ಟಿಗೆ. ಅದರೊಳಗೆ ಒಬ್ಬ ದ್ರಾಕ್ಷಾರಸದ ವ್ಯಾಪಾರಿಯೂ ಅವನ ನಂತರ ಅವನ ಮಗನೂ 1830ರ ದಶಕದಿಂದ 1880ರ ದಶಕದವರೆಗೆ ಕಾಲೇಜಿಗೆ ಬರೆದ ಪತ್ರಗಳಿದ್ದವು. ಪಟ್ಟಿ ಇನ್ನೂ ಪ್ರಕಟವಾಗಿಲ್ಲದ ಕಾರಣ ಕಾಲೇಜಿನ ಹೆಸರನ್ನಾಗಲಿ ವ್ಯಾಪಾರಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಓದಿದ ರೀತಿಯನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ನಮ್ಮ ಕರಾವಳಿಯ ಗುರುಮಠಗಳಲ್ಲೂ ಮಠಗಳಲ್ಲೂ ಮಂಡಿಗಳಲ್ಲೂ ಇಂಥ ಕಟ್ಟುಗಳನ್ನು ಕೈಗೆತ್ತಿಕೊಳ್ಳುವವರಿಗೆ ಅದು ಉಪಯೋಗಕ್ಕೆ ಬಂದೀತು.

ನಾನು ಕಂಡುಕೊಂಡದ್ದು ಇಷ್ಟು. ವ್ಯಾಪಾರಿಯ ಪತ್ರವನ್ನು ಒಂಟಿಯಾಗಿ ಓದಿದರೆ ಅದರಲ್ಲಿ ಸರಕಿನ ಹೆಸರು, ದರ, ನಮಸ್ಕಾರ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ವರ್ಷದ ಸುಂಕದ ದರ, ಬಲಿಪೂಜೆಯ (ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಅರ್ಪಿಸುವ ಕ್ಯಾಥೊಲಿಕ್ ಆರಾಧನೆಯ) ನಿಯಮ, ಕಾಲೇಜಿನ ಜಮಾ-ಖರ್ಚಿನ ಪುಸ್ತಕ ಈ ಮೂರನ್ನೂ ಪಕ್ಕದಲ್ಲಿಟ್ಟುಕೊಂಡು ಕೂತರೆ ಅದೇ ಪತ್ರ ಬಾಯಿ ಬಿಡುತ್ತದೆ.

ಮೊದಲು ಈ ಕಾಲೇಜುಗಳ ಹಿನ್ನೆಲೆ. ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಗುರುಗಳ ತರಬೇತಿಗೆ ಕಾನೂನಿನ ಅಡ್ಡಿ ಇದ್ದಾಗ ಅವರು ಸಮುದ್ರ ದಾಟಿ ಹೋಗಿ ಕಾಲೇಜು ಕಟ್ಟಿಕೊಂಡರು. ವಿಲಿಯಂ ಅಲೆನ್ 1568ರಲ್ಲಿ ಈಗಿನ ಫ್ರಾನ್ಸಿನ ದುವೇ ಊರಿನಲ್ಲಿ ಆರಂಭಿಸಿದ್ದು ಅವುಗಳಲ್ಲಿ ಹೆಸರಾದದ್ದು. ಜೆಸ್ವಿತರು 1593ರಲ್ಲಿ ಸೇಂಟ್ ಒಮೇರ್‌ನಲ್ಲಿ ಶಾಲೆ ತೆರೆದರು. ಸ್ಪೇನಿನ ವಾಯದೋಲಿದ್, ಪೋರ್ಚುಗಲ್ಲಿನ ಲಿಸ್ಬನ್ ನಗರಗಳಲ್ಲೂ ಇಂಗ್ಲಿಷ್ ಕಾಲೇಜುಗಳಿದ್ದವು. ಫ್ರಾನ್ಸಿನ ಕ್ರಾಂತಿ ಇದನ್ನೆಲ್ಲ ಬುಡಮೇಲು ಮಾಡಿತು. ಅಷ್ಟು ಹೊತ್ತಿಗೆ ಇಂಗ್ಲೆಂಡಿನ ಕಾನೂನೂ ಸಡಿಲವಾಗಿತ್ತು. 1794ರಲ್ಲಿ ಜೆಸ್ವಿತರ ಶಾಲೆ ಲ್ಯಾಂಕಷೈರಿನ ಸ್ಟೋನಿಹರ್ಸ್ಟ್‌ಗೆ ಬಂತು. ದುವೇಯಿಂದ ಓಡಿ ಬಂದವರ ಒಂದು ಪಂಗಡ 1808ರಲ್ಲಿ ಡರ್ಹಮ್ ಬಳಿಯ ಅಷಾದಲ್ಲಿ ನೆಲೆ ನಿಂತಿತು. ಐರ್ಲೆಂಡಿನ ಮೇನೂತ್ ಕಾಲೇಜು 1795ರದು. ಹೀಗೆ ಬಂದ ಗುರುಗಳು ದ್ರಾಕ್ಷಾರಸ ದಿನನಿತ್ಯದ ವಸ್ತುವಾಗಿದ್ದ ನಾಡಿನಲ್ಲಿ ಬೆಳೆದವರು. ಬಂದು ಸೇರಿದ್ದು ಬಿಯರ್ ಕುಡಿಯುವ, ದ್ರಾಕ್ಷಾರಸದ ಮೇಲೆ ಭಾರೀ ಸುಂಕ ಹೇರಿದ ನಾಡಿಗೆ. ಊಟದ ಮೇಜಿಗೆ ಬಿಯರ್ ಸಾಕು ಎಂದು ಒಪ್ಪಿಕೊಳ್ಳಬಹುದು. ಬಲಿಪೀಠಕ್ಕೆ ಬಿಯರ್ ಆಗದು.

ಪತ್ರಗಳನ್ನು ಬಿಡಿಸುವ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1840ಕ್ಕೆ ಮುಂಚಿನ ಪತ್ರಗಳಿಗೆ ಲಕೋಟೆ ಇಲ್ಲ. ಅಂಚೆ ದರ ದೂರದ ಮೇಲೂ ಹಾಳೆಗಳ ಸಂಖ್ಯೆಯ ಮೇಲೂ ನಿಂತಿತ್ತು. ಲಕೋಟೆಯನ್ನೂ ಒಂದು ಹಾಳೆಯೆಂದೇ ಎಣಿಸುತ್ತಿದ್ದರು. ಹಣ ತೆರಬೇಕಾದವರು ಸಾಮಾನ್ಯವಾಗಿ ಪತ್ರ ಪಡೆದವರು. ಆದ್ದರಿಂದ ಒಂದೇ ಹಾಳೆಯನ್ನು ಮಡಿಸಿ, ಅದರ ಬೆನ್ನ ಮೇಲೆಯೇ ವಿಳಾಸ ಬರೆದು, ಅರಗಿನಿಂದ ಮುಚ್ಚುತ್ತಿದ್ದರು. ಅರಗು ಒಡೆದ ಜಾಗದಲ್ಲಿ ಕಾಗದ ಹರಿದು ಒಂದೆರಡು ಪದ ಹೋಗಿರುತ್ತದೆ. ಎಷ್ಟೋ ಸಲ ಆ ಪದಗಳು ಅರಗಿನ ಚೂರಿನ ಅಡಿಯಲ್ಲೇ ಅಂಟಿಕೊಂಡಿರುತ್ತವೆ; ದೀಪವನ್ನು ಕಾಗದದ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟು ನೋಡಿದರೆ ಓದಲು ಸಿಗುತ್ತವೆ. ಕೈಗವಸು ಹಾಕುವುದಿಲ್ಲ, ಬಟ್ಟೆಯ ಕೈಗವಸಿನಲ್ಲಿ ಕಾಗದದ ಅಂಚು ಸಿಕ್ಕಿಕೊಂಡು ಹರಿಯುತ್ತದೆ. ತೊಳೆದು ಒಣಗಿಸಿದ ಕೈ ಸಾಕು. ಮೇಜಿನ ಮೇಲೆ ಪೆನ್ಸಿಲ್ ಬಿಟ್ಟು ಬೇರೆ ಏನನ್ನೂ ಇಡುವುದಿಲ್ಲ. ಗಟ್ಟಿಯಾಗಿ ಮಡಿಕೆ ಬಿದ್ದ ಹಾಳೆಯನ್ನು ಒತ್ತಿ ಸರಿಪಡಿಸುವ ಗೋಜಿಗೆ ಹೋಗದೆ, ಬಿಡಿಸಿ, ಮೇಲೆ ಒತ್ತುಕಾಗದ ಇಟ್ಟು, ಹಗುರವಾದ ಭಾರ ಹೇರಿ ರಾತ್ರಿಯಿಡೀ ಬಿಡುತ್ತೇನೆ.

ಕಟ್ಟನ್ನು ಬಿಡಿಸುವ ಮುಂಚೆ ಅದು ಇದ್ದ ಸ್ಥಿತಿಯಲ್ಲೇ ಫೋಟೋ ತೆಗೆಯುವುದು ನನ್ನ ಖಡಾಖಂಡಿತ ನಿಯಮ. ಪ್ರತಿ ಪತ್ರದ ನಡುಭಾಗದಲ್ಲಿ ಒಂದು ತೂತು ಇತ್ತು. ತಂತಿಯ ಮೊಳೆಗೆ ಚುಚ್ಚಿ ಇಟ್ಟಿದ್ದರ ಗುರುತು. ತೂತುಗಳು ಒಂದರ ಮೇಲೊಂದು ಹೊಂದುವಂತೆ ಜೋಡಿಸಿದರೆ ಪತ್ರಗಳು ಕಾಲೇಜಿನ ಕಚೇರಿಯಲ್ಲಿ ಕೂತಿದ್ದ ಕ್ರಮ ಸಿಗುತ್ತದೆ. ಈ ಕ್ರಮ ತಾರೀಖಿನ ಕ್ರಮವಾಗಿರಲಿಲ್ಲ. ಹಣ ಸಂದಾಯವಾದ ಮೇಲೆ ಮೊಳೆಗೆ ಚುಚ್ಚಿದ್ದರು, ಅಂದರೆ ಇದು ಲೆಕ್ಕ ತೀರಿದ ಕ್ರಮ. ತಾರೀಖಿನ ಪ್ರಕಾರ ಅಚ್ಚುಕಟ್ಟಾಗಿ ಜೋಡಿಸಿಬಿಟ್ಟಿದ್ದರೆ ಯಾವ ಬಿಲ್ಲು ಎಷ್ಟು ಕಾಲ ಬಾಕಿ ನಿಂತಿತ್ತು ಎಂಬ ಸಂಗತಿ ಶಾಶ್ವತವಾಗಿ ಅಳಿಸಿಹೋಗುತ್ತಿತ್ತು.

ಪತ್ರದ ಬೆನ್ನ ಮೇಲಿನ ಬರಹ ಇನ್ನೊಂದು ದೊಡ್ಡ ಆಸರೆ. ಕಾಲೇಜಿನ ಉಗ್ರಾಣ ಮತ್ತು ಹಣಕಾಸು ಎರಡನ್ನೂ ನೋಡಿಕೊಳ್ಳುವ ಧರ್ಮಗುರುವನ್ನು ಪ್ರೊಕ್ಯುರೇಟರ್ ಎನ್ನುತ್ತಿದ್ದರು. ಬಂದ ಪತ್ರವನ್ನು ಅವರು ಉದ್ದಕ್ಕೆ ಮಡಿಸಿ, ಬೆನ್ನ ಮೇಲೆ ವ್ಯಾಪಾರಿಯ ಹೆಸರು, ತಾರೀಖು, ಮೊತ್ತ, ಉತ್ತರ ಕೊಟ್ಟ ದಿನ ಇಷ್ಟನ್ನು ಸಣ್ಣ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಕಾಲೇಜು ಬರೆದ ಪತ್ರಗಳು ವ್ಯಾಪಾರಿಯ ಕಡೆ ಹೋದವು. ಅವು ನಮ್ಮ ಪೆಟ್ಟಿಗೆಯಲ್ಲಿಲ್ಲ. ಸಂಭಾಷಣೆಯಲ್ಲಿ ಒಬ್ಬರ ಮಾತು ಮಾತ್ರ ಉಳಿದಿದೆ. ಇನ್ನೊಬ್ಬರ ಮಾತನ್ನು ಹಿಡಿಯಲು ನಾನು ಮಾಡಿದ ಉಪಾಯ ಸರಳವಾದದ್ದು. ಆ ಕಾಲದ ವ್ಯಾಪಾರಿಗಳು ಪ್ರತಿ ಪತ್ರವನ್ನೂ ‘ತಮ್ಮ ಇಂಥ ತಾರೀಖಿನ ಪತ್ರ ತಲುಪಿತು’ ಎಂದೇ ಆರಂಭಿಸುತ್ತಾರೆ. ತಿಂಗಳ ಹೆಸರು ಬರೆಯದೆ ಈ ತಿಂಗಳದ್ದೋ ಕಳೆದ ತಿಂಗಳದ್ದೋ ಎಂಬುದನ್ನು ಲ್ಯಾಟಿನ್ ಪದದ ಮೊಟಕು ರೂಪದಲ್ಲಿ ಸೂಚಿಸುತ್ತಾರೆ. ಕೋಷ್ಟಕದಲ್ಲಿ ‘ಇದು ಯಾವುದಕ್ಕೆ ಉತ್ತರ’ ಎಂದು ಒಂದು ಅಂಕಣ ಹಾಕಿ, ಹೀಗೆ ಪ್ರಸ್ತಾಪವಾದ ಪ್ರತಿಯೊಂದು ಕಾಲೇಜು ಪತ್ರಕ್ಕೂ, ಅದು ಇಲ್ಲದಿದ್ದರೂ, ಒಂದು ಸಾಲು ಕೊಟ್ಟೆ. ವ್ಯಾಪಾರಿಯ ಉತ್ತರದಿಂದ ಅದರ ವಿಷಯ ಊಹಿಸಬಹುದಾದ ಕಡೆ, ಊಹೆ ಎಂದು ಗುರುತು ಹಾಕಿ ಬರೆದೆ. ಕಟ್ಟು ಮುಗಿಯುವ ಹೊತ್ತಿಗೆ ಇಲ್ಲದ ಪತ್ರಗಳ ಪಟ್ಟಿ ಇರುವ ಪತ್ರಗಳ ಪಟ್ಟಿಗೆ ಹೆಚ್ಚುಕಡಿಮೆ ಸಮಕ್ಕೆ ಬಂದು ನಿಂತಿತು. ಪ್ರೊಕ್ಯುರೇಟರ್ ಎಂಥ ಮನುಷ್ಯ ಎಂಬುದು ನನಗೆ ತಿಳಿಯುತ್ತ ಹೋದದ್ದು ಈ ಇಲ್ಲದ ಪತ್ರಗಳಿಂದ. ಅವರು ಮಿತಭಾಷಿ, ದರದಲ್ಲಿ ಬಿಗಿ, ರುಚಿಯ ವಿಷಯದಲ್ಲಿ ರಾಜಿಯಾಗದವರು, ಹಣ ಕಳಿಸುವುದರಲ್ಲಿ ನಿಧಾನ.

ಹಣದ ವಿಷಯ ಬಂತು. ನೋಟುಗಳನ್ನು ಅಂಚೆಯಲ್ಲಿ ಕಳಿಸುವಾಗ ಕಳ್ಳತನಕ್ಕೆ ಹೆದರಿ ಅವನ್ನು ಎರಡಾಗಿ ಕತ್ತರಿಸಿ, ಮೊದಲ ಅರ್ಧ ತಲುಪಿತೆಂದು ಉತ್ತರ ಬಂದ ಮೇಲೆ ಎರಡನೆಯ ಅರ್ಧ ಕಳಿಸುವ ರೂಢಿ ಆಗ ಇತ್ತು. ಕಟ್ಟಿನಲ್ಲಿ ಎರಡೇ ಸಾಲಿನ ಚುಟುಕು ಪತ್ರಗಳು ಅಲ್ಲಲ್ಲಿ ಬರುತ್ತವೆ. ಸರಕಿನ ಮಾತೇ ಇಲ್ಲ, ನೋಟಿನ ಸಂಖ್ಯೆ ಮತ್ತು ವಂದನೆ ಮಾತ್ರ. ಒಂದೇ ಸಂಖ್ಯೆ ಎರಡು ಪತ್ರಗಳಲ್ಲಿ ಕಂಡಾಗ ಎರಡು ಬಾರಿ ಹಣ ಬಂತೆಂದು ಲೆಕ್ಕ ಹಿಡಿಯಬಾರದು. ಅದು ಒಂದೇ ನೋಟಿನ ಎರಡು ಅರ್ಧ.

ಕೆಲವು ಪತ್ರಗಳ ಇಂಗಿತ ಹಿಡಿಯಲು ನನಗೆ ನೆರವಾದವರು ಪುತ್ತೂರಿನಲ್ಲಿ ಬಹುಕಾಲ ಅಡಿಕೆ ಮಂಡಿ ನಡೆಸಿದ ನನ್ನ ಸೋದರಮಾವ. ಒಂದು ಪತ್ರ ನನಗೆ ಅರ್ಥವೇ ಆಗಿರಲಿಲ್ಲ. ಯಾರೂ ಏನೂ ಕೇಳಿಲ್ಲದಾಗ ವ್ಯಾಪಾರಿ ಉದ್ದನೆಯ ಪತ್ರ ಬರೆದು, ಹೊಸದಾಗಿ ಹಡಗಿನಿಂದ ಇಳಿದ ಶೆರಿಯನ್ನು (ಸ್ಪೇನಿನ ಒಂದು ದ್ರಾಕ್ಷಾರಸ) ಹೊಗಳಿ, ಕಾಲೇಜಿನ ಅಧ್ಯಕ್ಷರ ಆರೋಗ್ಯ ವಿಚಾರಿಸಿ, ಕಡೆಯಲ್ಲಿ ‘ತಮ್ಮ ಪುಸ್ತಕದೊಡನೆ ತಾಳೆ ನೋಡಲು ಅನುಕೂಲವಾಗಲೆಂದು’ ಒಂದು ಲೆಕ್ಕದ ಹಾಳೆ ಇಟ್ಟಿದ್ದ. ಫೋನಿನಲ್ಲಿ ಮಾವನಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ.

“ಬಾಕಿ ಕೇಳುತ್ತಿದ್ದಾನಮ್ಮ ಅವನು,” ಎಂದರು.

“ಹಣದ ಮಾತೇ ಎತ್ತಿಲ್ಲವಲ್ಲ, ಮಾವ?”

“ಎತ್ತುವುದಿಲ್ಲ. ಹತ್ತು ವರ್ಷದ ಗಿರಾಕಿಗೆ ಹಣ ಕೊಡಿ ಎಂದು ಬರೆದರೆ ಮುಂದಿನ ಕೊಯ್ಲಿಗೆ ಅವನು ಬೇರೆ ಮಂಡಿಗೆ ಹೋಗುತ್ತಾನೆ. ಕ್ಷೇಮ ಕೇಳಬೇಕು, ಸರಕು ಬಂದಿದೆ ಎನ್ನಬೇಕು, ಲೆಕ್ಕ ತಾಳೆ ನೋಡಿ ಎನ್ನಬೇಕು. ಆ ಪತ್ರದ ನಂತರ ಹಣ ಬಂದಿದೆಯೋ ಇಲ್ಲವೋ ನೋಡು.”

ಕಾಲೇಜಿನ ದಿನವಹಿ ತೆರೆದು ನೋಡಿದೆ. ಅದೇ ತಿಂಗಳ ಕೊನೆಯಲ್ಲಿ ವ್ಯಾಪಾರಿಯ ಹೆಸರಿನಲ್ಲಿ ದೊಡ್ಡ ಮೊತ್ತ ಖರ್ಚು ಬಿದ್ದಿತ್ತು. ಆಮೇಲೆ ಅಧ್ಯಕ್ಷರ ಆರೋಗ್ಯ ವಿಚಾರಿಸಿದ ಪತ್ರಗಳನ್ನೆಲ್ಲ ಬೇರೆಯಾಗಿ ಗುರುತು ಹಾಕಿ ದಿನವಹಿಯೊಡನೆ ಹೋಲಿಸಿದೆ. ಮಾವನ ಮಾತು ಹೆಚ್ಚಿನ ಕಡೆ ನಿಜವಾಯಿತು.

ಇನ್ನು ಅಳತೆಗಳು. ಇವು ಗೊತ್ತಿಲ್ಲದೆ ಈ ಕಟ್ಟಿಗೆ ಕೈ ಹಾಕಬಾರದು. ಪೋರ್ಟ್ ದ್ರಾಕ್ಷಾರಸದ ದೊಡ್ಡ ಪೀಪಾಯಿಗೆ ಪೈಪ್ ಎನ್ನುತ್ತಿದ್ದರು, ಅದರಲ್ಲಿ ಸುಮಾರು 115 ಗ್ಯಾಲನ್. ಶೆರಿಯ ಬಟ್ ಸುಮಾರು 108, ಮಾರ್ಸಾಲಾದ ಪೈಪ್ ಸುಮಾರು 93, ಕ್ಲಾರೆಟ್ ಎಂಬ ಫ್ರಾನ್ಸಿನ ಬೋರ್ಡೋದ ಕೆಂಪು ದ್ರಾಕ್ಷಾರಸ ಬರುವ ಹಾಗ್ಸ್‌ಹೆಡ್ ಸುಮಾರು 46 ಗ್ಯಾಲನ್. ಬ್ರಿಟನ್ನಿನಲ್ಲಿ 1826ರಿಂದ ಇಂಪೀರಿಯಲ್ ಗ್ಯಾಲನ್ ಜಾರಿಗೆ ಬಂತು, ಆದರೆ ಹಳಬರು ಬಹಳ ಕಾಲ ಹಳೆಯ ಚಿಕ್ಕ ಗ್ಯಾಲನ್ನಿನಲ್ಲೇ ಯೋಚಿಸುತ್ತಿದ್ದರು. ಅದೇ ಪೋರ್ಟ್ ಪೈಪ್ ಹಳೆಯ ಲೆಕ್ಕದಲ್ಲಿ 138 ಗ್ಯಾಲನ್ ಆಗುತ್ತದೆ. ಪುಸ್ತಕದಲ್ಲಿ 138 ಎಂದು ಕಂಡರೆ ಅದು ದೊಡ್ಡ ಪೀಪಾಯಿಯಲ್ಲ, ಹಳೆಯ ಅಳತೆ. ಒಂದು ಗ್ಯಾಲನ್ನಿಗೆ ಆರು ಬಾಟಲಿಯ ಲೆಕ್ಕದಲ್ಲಿ ಪೈಪ್ ಒಂದಕ್ಕೆ 57 ಡಜನ್‌ಗೂ ಮೇಲೆ ಬಾಟಲಿ ತುಂಬುತ್ತವೆ. ಕಾಲೇಜಿನಂಥ ದೊಡ್ಡ ಗಿರಾಕಿಗಳು ಪೀಪಾಯಿಯನ್ನೇ ತರಿಸಿಕೊಂಡು ತಮ್ಮ ನೆಲಮಾಳಿಗೆಯಲ್ಲಿ ಬಾಟಲಿಗೆ ಇಳಿಸಿಕೊಳ್ಳುತ್ತಿದ್ದರು. ಅದಕ್ಕಾಗಿ ವ್ಯಾಪಾರಿ ಪೀಪಾಯಿ ಕೆಲಸದವನನ್ನು ಕಳಿಸುತ್ತಿದ್ದ. ಅವನ ಕೂಲಿ, ಬಿರಡೆಗಳ ಬೆಲೆ, ದ್ರಾಕ್ಷಾರಸ ತಿಳಿಯಾಗಲು ಬೆರೆಸುವ ಮೊಟ್ಟೆಯ ಬಿಳಿಭಾಗ ಎಲ್ಲವೂ ಬಿಲ್ಲಿನಲ್ಲಿ ಬರುತ್ತವೆ. ಮೊಟ್ಟೆಗಳ ಸಂಖ್ಯೆ ನೋಡಿ ಎಷ್ಟು ಪೀಪಾಯಿ ಇಳಿಸಿದರು ಎಂದು ಅಂದಾಜು ಮಾಡಿದ್ದೂ ಉಂಟು.

ಕಟ್ಟಿನ ಜೀವಾಳ ಎಂದು ನಾನು ತಿಳಿಯುವ ಪತ್ರ ಬಂದದ್ದು ಒಂದು ಬೇಸಗೆಯ ಕೊನೆಗೆ. ಬಲಿಪೂಜೆಗೆಂದು ಕಳಿಸಿದ ಬಿಳಿ ದ್ರಾಕ್ಷಾರಸ ಹುಳಿಯಾಗತೊಡಗಿದೆ ಎಂದು ಪ್ರೊಕ್ಯುರೇಟರ್ ಬರೆದಿರಬೇಕು. ವ್ಯಾಪಾರಿಯ ಉತ್ತರ ನಾಲ್ಕು ಪುಟ. ಪೀಪಾಯಿಯನ್ನು ನಲ್ಲಿ ಹಾಕಿ ಸ್ವಲ್ಪ ಸ್ವಲ್ಪವೇ ತೆಗೆದಿರಬೇಕು, ಮೇಲಿನ ಖಾಲಿ ಜಾಗಕ್ಕೆ ಗಾಳಿ ನುಗ್ಗಿದೆ, ಇಂಥ ಹಗುರ ದ್ರಾಕ್ಷಾರಸ ಬಂದ ಕೂಡಲೇ ಎಲ್ಲವನ್ನೂ ಬಾಟಲಿಗೆ ಇಳಿಸಿ ಮಲಗಿಸಿಡಬೇಕು ಎಂದು ವಿವರಿಸುತ್ತಾನೆ. ಉಳಿದದ್ದನ್ನು ವಾಪಸು ಕಳಿಸಿದರೆ ಬದಲಿ ಕೊಡುತ್ತೇನೆ, ಸಾಗಣೆ ವೆಚ್ಚವೂ ನನ್ನದೇ ಎನ್ನುತ್ತಾನೆ. ಊಟದ ದ್ರಾಕ್ಷಾರಸದ ಬಗ್ಗೆ ಇದೇ ಕಾಲೇಜು ದೂರಿದಾಗ ಅವನ ಉತ್ತರ ಅರ್ಧ ಪುಟ ದಾಟುವುದಿಲ್ಲ, ಬದಲಿ ಕೊಡುವ ಮಾತೂ ಇಲ್ಲ. ಇಲ್ಲಿ ಏಕಿಷ್ಟು ಆತಂಕ?

ಉತ್ತರ ಬಲಿಪೂಜೆಯ ಪುಸ್ತಕದಲ್ಲಿದೆ. 1570ರ ರೋಮನ್ ಮಿಸ್ಸಾಲಿನ ಜೊತೆಗೆ ಪೂಜೆಯಲ್ಲಿ ಸಂಭವಿಸಬಹುದಾದ ದೋಷಗಳ ಒಂದು ಅಧ್ಯಾಯ ಅಚ್ಚಾಗಿ ಬರುತ್ತಿತ್ತು. ದ್ರಾಕ್ಷಾರಸ ಪೂರ್ತಿ ಹುಳಿರಸವಾಗಿದ್ದರೆ, ಕಾಯಿ ದ್ರಾಕ್ಷಿಯಿಂದ ಹಿಂಡಿದ್ದರೆ, ಕೆಡುವಷ್ಟು ನೀರು ಬೆರೆತಿದ್ದರೆ ಸಂಸ್ಕಾರವೇ ಆಗುವುದಿಲ್ಲ. ಹುಳಿಯಾಗಲು ತೊಡಗಿದ್ದರೆ ಸಂಸ್ಕಾರ ಆಗುತ್ತದೆ, ಆದರೆ ಅರ್ಪಿಸಿದ ಗುರು ಗಂಭೀರ ಪಾಪಕ್ಕೆ ಗುರಿಯಾಗುತ್ತಾನೆ. ಇದನ್ನು ಓದಿದ ಮೇಲೆ ಆ ಪೀಪಾಯಿಯ ಭಾರ ನನಗೆ ತಿಳಿಯಿತು. ಅನೇಕ ಗುರುಗಳು ಒಂದಾಗಿ ಒಂದೇ ಪೂಜೆ ಅರ್ಪಿಸುವ ಪದ್ಧತಿ ಪಶ್ಚಿಮದ ಸಭೆಯಲ್ಲಿ ಸಾಮಾನ್ಯವಾದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ. ಅಲ್ಲಿಯವರೆಗೆ ಒಂದೇ ಕಾಲೇಜಿನಲ್ಲಿ ಎಷ್ಟು ಗುರುಗಳೋ ಅಷ್ಟು ಪೂಜೆ, ಪ್ರತಿ ಮುಂಜಾನೆ, ಬೇರೆ ಬೇರೆ ಪೀಠಗಳಲ್ಲಿ. ಅವರೆಲ್ಲರೂ ಆ ಪೀಪಾಯಿಯನ್ನೇ ನಂಬಿದ್ದರು. ವ್ಯಾಪಾರಿ ಕ್ಯಾಥೊಲಿಕನಾಗಿರಲಿಲ್ಲ ಎಂಬುದು ಅವನ ಪತ್ರಗಳಿಂದಲೇ ಗೊತ್ತಾಗುತ್ತದೆ. ಆದರೂ ಆ ಭಾರವನ್ನು ಅವನು ಅರಿತಿದ್ದ. ಆ ನಾಲ್ಕು ಪುಟಗಳಲ್ಲಿ ನನಗೆ ಕಂಡದ್ದು ಗಿರಾಕಿಯನ್ನು ಉಳಿಸಿಕೊಳ್ಳುವ ಚಾತುರ್ಯವಷ್ಟೇ ಆಗಿರಲಾರದು. ತನ್ನದಲ್ಲದ ನಂಬಿಕೆಯ ಅಗತ್ಯವನ್ನು ಒಬ್ಬ ಮನುಷ್ಯ ಇಷ್ಟು ಶ್ರದ್ಧೆಯಿಂದ ಕಲಿತದ್ದು ನನ್ನ ಮನಸ್ಸಿಗೆ ನಾಟಿತು.

ಇದಾದ ಮೇಲೆ ಅವನು ಬಲಿಪೀಠಕ್ಕೆ ಮಾರ್ಸಾಲಾ ಸೂಚಿಸುತ್ತಾನೆ. ಸಿಸಿಲಿಯ ಈ ದ್ರಾಕ್ಷಾರಸವನ್ನು ಇಂಗ್ಲಿಷ್ ವ್ಯಾಪಾರಿ ಜಾನ್ ವುಡ್‌ಹೌಸ್ 1773ರಲ್ಲಿ ಹಡಗಿಗೇರಿಸಿದಂದಿನಿಂದ ಇಂಗ್ಲೆಂಡಿನಲ್ಲಿ ಅದು ಬೇರೂರಿತ್ತು. ಅದಕ್ಕೆ ಮದ್ಯಸಾರ ಬೆರೆಸುವುದರಿಂದ ತೆರೆದ ಬಾಟಲಿಯೂ ಬೇಗ ಕೆಡದು. ಪೂಜೆಗೆ ದಿನಕ್ಕೆ ಸ್ವಲ್ಪವೇ ಬೇಕಾದ್ದರಿಂದ ಇದು ದೊಡ್ಡ ಅನುಕೂಲ. ಆದರೆ ಪ್ರೊಕ್ಯುರೇಟರ್ ತಕ್ಷಣ ಒಪ್ಪುವುದಿಲ್ಲ. ಬೆರೆಸಿದ ಮದ್ಯಸಾರ ದ್ರಾಕ್ಷಿಯದೋ ಧಾನ್ಯದ್ದೋ ಎಂದು ಕೇಳುತ್ತಾರೆ. ದ್ರಾಕ್ಷಿಯದಾದರೆ ಬಳ್ಳಿಯ ಫಲವೇ ಬಳ್ಳಿಯ ಫಲಕ್ಕೆ ಸೇರಿತು. ಧಾನ್ಯದ್ದಾದರೆ ಬೇರೆ ಮಾತು. ವ್ಯಾಪಾರಿ ಇದಕ್ಕೆ ಉತ್ತರ ಕೊಡಲು ಹಡಗಿನಲ್ಲಿ ಸರಕು ಕಳಿಸಿದವರಿಗೇ ಬರೆದು, ಅವರ ಉತ್ತರದ ನಕಲನ್ನು ಲಗತ್ತಿಸುತ್ತಾನೆ. ಬೆರಕೆಯ ಭಯ ಸುಮ್ಮನೆ ಹುಟ್ಟಿದ್ದಲ್ಲ. ಪೋರ್ಟ್ ದ್ರಾಕ್ಷಾರಸಕ್ಕೆ ಬ್ರಾಂದಿ ಸುರಿಯುವುದನ್ನು ಖಂಡಿಸಿ ಅದೇ ವ್ಯಾಪಾರದ ಜೋಸೆಫ್ ಜೇಮ್ಸ್ ಫಾರೆಸ್ಟರ್ 1844ರಲ್ಲಿ ಕಿರುಹೊತ್ತಿಗೆ ಹೊರಡಿಸಿ ಕೋಲಾಹಲ ಎಬ್ಬಿಸಿದ್ದರು. ಪೋರ್ಚುಗಲ್ಲಿನ ಡೂರೋ ನದಿಯ ಅಧಿಕೃತ ಎನ್ನಬಹುದಾದ ನಕ್ಷೆಯನ್ನು ಬರೆದವರೂ ಅವರೇ. 1861ರಲ್ಲಿ ಅದೇ ನದಿಯಲ್ಲಿ ದೋಣಿ ಮಗುಚಿ ತೀರಿಕೊಂಡರು.

ಒಂದು ಎಚ್ಚರ ಇಲ್ಲಿ ಅಗತ್ಯ. ಪೂಜೆಯ ದ್ರಾಕ್ಷಾರಸಕ್ಕೆ ಮದ್ಯಸಾರ ಬೆರೆಸುವ ಬಗ್ಗೆ ರೋಮಿನಿಂದ ಸ್ಪಷ್ಟ ನಿರ್ಣಯ ಬಂದದ್ದು 1890ರ ದಶಕದಲ್ಲಿ. 1896ರ ಆಗಸ್ಟಿನ ನಿರ್ಣಯ, ಬೆರೆಸುವುದು ದ್ರಾಕ್ಷಿಯಿಂದಲೇ ತೆಗೆದದ್ದಾಗಿರಬೇಕು, ಒಟ್ಟು ಮದ್ಯಸಾರ ನೂರಕ್ಕೆ 18 ಮೀರಬಾರದು ಎಂದಿತು. ನಮ್ಮ ಕಟ್ಟು ಅದಕ್ಕೂ ಮುಂಚೆಯೇ ಮುಗಿಯುತ್ತದೆ. 1850ರ ಪತ್ರವನ್ನು 1896ರ ನಿಯಮದಿಂದ ಅಳೆಯುವುದು ಆ ಪ್ರೊಕ್ಯುರೇಟರ್‌ಗೆ ಮಾಡುವ ಅನ್ಯಾಯ. ನಿಯಮ ಬರುವ ಮೊದಲೇ ಅವರು ಆ ಪ್ರಶ್ನೆಯನ್ನು ತಾವಾಗಿ ಕೇಳಿದ್ದರು, ಅದನ್ನೇ ನಾನು ಪಟ್ಟಿಯಲ್ಲಿ ಎತ್ತಿ ಬರೆದಿದ್ದೇನೆ.

ಇದರ ಮೇಲೆ ಸರ್ಕಾರದ ಸುಂಕ. 1703ರ ಮೆಥ್ಯುಯೆನ್ ಒಪ್ಪಂದದ ಪ್ರಕಾರ ಪೋರ್ಚುಗಲ್ಲಿನ ದ್ರಾಕ್ಷಾರಸಕ್ಕೆ ಫ್ರಾನ್ಸಿನದಕ್ಕಿಂತ ಮೂರರಲ್ಲಿ ಒಂದು ಪಾಲು ಕಡಿಮೆ ಸುಂಕ ಇತ್ತು. ಇಂಗ್ಲೆಂಡ್ ಪೋರ್ಟ್ ಕುಡಿಯುವ ನಾಡಾದದ್ದರ ಹಿಂದೆ ಈ ಒಪ್ಪಂದದ ಕೈವಾಡ ದೊಡ್ಡದು. 1831ರಲ್ಲಿ ಯೂರೋಪಿನ ದ್ರಾಕ್ಷಾರಸಕ್ಕೆಲ್ಲ ಒಂದೇ ದರ ಬಂತು, ಗ್ಯಾಲನ್ನಿಗೆ 5 ಶಿಲಿಂಗ್ 6 ಪೆನ್ಸ್ (12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್). ಒಂದು ಪೈಪ್ ಪೋರ್ಟಿಗೆ ಸುಂಕವೇ 31 ಪೌಂಡ್ 12 ಶಿಲಿಂಗ್ 6 ಪೆನ್ಸ್. ದಕ್ಷಿಣ ಆಫ್ರಿಕಾದ ಕೇಪ್ ದ್ರಾಕ್ಷಾರಸ ಸಾಮ್ರಾಜ್ಯದ ಸರಕಾದ್ದರಿಂದ ಅದಕ್ಕೆ ಅರ್ಧ ದರ. ಕಟ್ಟಿನ ಆರಂಭದ ಪತ್ರಗಳಲ್ಲಿ ವ್ಯಾಪಾರಿ ಅದನ್ನು ಮತ್ತೆ ಮತ್ತೆ ಮುಂದಿಡುತ್ತಾನೆ, ಕಾಲೇಜು ಮತ್ತೆ ಮತ್ತೆ ಬೇಡ ಎನ್ನುತ್ತದೆ.

1860ರ ಜನವರಿ 23ರಂದು ಬ್ರಿಟನ್ ಮತ್ತು ಫ್ರಾನ್ಸ್ ವಾಣಿಜ್ಯ ಒಪ್ಪಂದಕ್ಕೆ ಸಹಿ ಹಾಕಿದವು. ಬ್ರಿಟನ್ನಿನ ಹಣಕಾಸು ಮಂತ್ರಿ ಗ್ಲಾಡ್‌ಸ್ಟನ್ ಬಜೆಟ್ ಮಂಡಿಸಿದ್ದು ಫೆಬ್ರವರಿ 10ರಂದು. ಈ ಎರಡು ತಾರೀಖುಗಳ ನಡುವಿನ ಒಂದು ಪತ್ರ ನಮ್ಮಲ್ಲಿದೆ. ಬೇಕೆಂದು ಕಾಲೇಜು ಕೇಳಿದ್ದ ಕ್ಲಾರೆಟ್ಟನ್ನು ಸುಂಕದ ಗೋದಾಮಿನಿಂದ ಈಗ ಸುಂಕ ಕಟ್ಟಿ ಬಿಡಿಸುವುದು ಬೇಡ, ಕೆಲವು ವಾರ ತಾಳಿ ಎಂದು ವ್ಯಾಪಾರಿ ಬರೆಯುತ್ತಾನೆ. ಕೂಡಲೇ ಸಿಗುತ್ತಿದ್ದ ವ್ಯಾಪಾರವನ್ನು ಗಿರಾಕಿಯ ಹಿತಕ್ಕಾಗಿ ತಾನೇ ಮುಂದೂಡಿದ. ಬಜೆಟ್ ಸುಂಕವನ್ನು 3 ಶಿಲಿಂಗಿಗೆ ಇಳಿಸಿತು. 1862ರ ಹೊತ್ತಿಗೆ ದರ ಮದ್ಯಸಾರದ ಪ್ರಮಾಣದ ಮೇಲೆ ನಿಂತಿತು. ಮದ್ಯಸಾರ ಅಳೆಯುವ ಸೈಕ್ಸ್ ಮಾಪಕದ 26 ಡಿಗ್ರಿಯೊಳಗಿನ ಹಗುರ ದ್ರಾಕ್ಷಾರಸಕ್ಕೆ, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು ನೂರಕ್ಕೆ 15ರೊಳಗಿನದಕ್ಕೆ, ಗ್ಯಾಲನ್ನಿಗೆ 1 ಶಿಲಿಂಗ್. ಅದಕ್ಕೆ ಮೇಲ್ಪಟ್ಟು 42 ಡಿಗ್ರಿಯವರೆಗೆ 2 ಶಿಲಿಂಗ್ 6 ಪೆನ್ಸ್. 46 ಗ್ಯಾಲನ್ನಿನ ಕ್ಲಾರೆಟ್ ಪೀಪಾಯಿಗೆ 1831ರ ದರದಲ್ಲಿ 12 ಪೌಂಡ್ 13 ಶಿಲಿಂಗ್ ಇದ್ದ ಸುಂಕ 2 ಪೌಂಡ್ 6 ಶಿಲಿಂಗಿಗೆ ಬಂದು ನಿಂತಿತು.

ಈಗ ಕಾಲೇಜಿನ ಇಕ್ಕಟ್ಟನ್ನು ನೋಡಿ. ಏನೂ ಬೆರೆಸದ ಹಗುರ ದ್ರಾಕ್ಷಾರಸ ನಿಯಮದ ದೃಷ್ಟಿಯಿಂದ ನಿಸ್ಸಂಶಯ, ಸುಂಕವೂ ಕಡಿಮೆ, ಆದರೆ ಪೂಜಾ ಸಾಮಗ್ರಿಯ ಕೋಣೆಯಲ್ಲಿ ಬೇಗ ಹುಳಿಯಾಗುತ್ತದೆ, ಹುಳಿಯಾದರೆ ಅದೇ ನಿಯಮ ಎದುರು ನಿಲ್ಲುತ್ತದೆ. ಮದ್ಯಸಾರ ಬೆರೆಸಿದ್ದು ಕೆಡದೆ ನಿಲ್ಲುತ್ತದೆ, ಆದರೆ ಬೆರೆಸಿದ್ದು ಏನೆಂಬ ಅನುಮಾನ, ಮೇಲೆ ಎರಡೂವರೆ ಪಟ್ಟು ಸುಂಕ. 1860ರ ದಶಕದ ಪತ್ರಗಳೆಲ್ಲ ಈ ಇಕ್ಕಟ್ಟಿನೊಳಗಿಂದ ದಾರಿ ಹುಡುಕುವ ಪತ್ರಗಳು. ಚಿಕ್ಕ ಪೀಪಾಯಿಗಳಲ್ಲಿ ಹೆಚ್ಚು ಸಲ ಕಳಿಸುವುದು, ಅರ್ಧ ಬಾಟಲಿಗಳಿಗೆ ತುಂಬುವುದು, ಚಳಿಗಾಲಕ್ಕೆ ಒಂದು ಬೇಸಗೆಗೆ ಒಂದು ಎಂದು ಬೇರೆ ಬೇರೆ ದ್ರಾಕ್ಷಾರಸ ಇಡುವುದು. ಕೊನೆಗೆ ಅರ್ಧ ಬಾಟಲಿಗಳೇ ಗೆದ್ದವು. ಈ ತೀರ್ಮಾನ ಯಾವ ಪತ್ರದಲ್ಲೂ ಬಾಯಿಬಿಟ್ಟು ಹೇಳಿಲ್ಲ. ಬಿಲ್ಲುಗಳಲ್ಲಿ ಅರ್ಧ ಬಾಟಲಿಯ ಬಿರಡೆಗಳು ಹೆಚ್ಚುತ್ತ ಹೋಗುವುದರಿಂದ ಗೊತ್ತಾಗುತ್ತದೆ.

ಈ ಕಾರಣಕ್ಕಾಗಿಯೇ, ಪೂಜೆಯ ದ್ರಾಕ್ಷಾರಸದ ಪತ್ರಗಳನ್ನು ‘ಧಾರ್ಮಿಕ’ ವಿಭಾಗಕ್ಕೂ ಊಟದ್ದನ್ನು ‘ಗೃಹಕೃತ್ಯ’ ವಿಭಾಗಕ್ಕೂ ಹಂಚಬೇಕೆಂಬ ಸಲಹೆ ಬಂದಾಗ ನಾನು ಬಲವಾಗಿ ವಿರೋಧಿಸಿದೆ. ಒಂದೇ ಪತ್ರದ ಮೇಲರ್ಧ ಬಲಿಪೀಠದ ಮಾತು, ಕೆಳಗರ್ಧ ಹಬ್ಬದೂಟದ ಪೋರ್ಟಿನ ಮಾತು. ಪೋರ್ಟಿನ ದರದಲ್ಲಿ ಚೌಕಾಸಿ ಮಾಡಿ ಉಳಿಸಿದ ಹಣದಿಂದ ಪೂಜೆಯ ದ್ರಾಕ್ಷಾರಸಕ್ಕೆ ಒಳ್ಳೆಯ ದರ ಕೊಟ್ಟದ್ದು ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ಕಾಣುತ್ತದೆ. ವಿದ್ಯಾರ್ಥಿಗಳಿಗೆ ಊಟಕ್ಕೆ ಬಿಯರ್, ಗುರುಗಳಿಗೂ ಅತಿಥಿಗಳಿಗೂ ಹಬ್ಬದ ದಿನ ಪೋರ್ಟ್ ಅಥವಾ ಶೆರಿ, ಬಲಿಪೀಠಕ್ಕೆ ಎಲ್ಲಕ್ಕಿಂತ ಶುದ್ಧವಾದದ್ದು: ಖರೀದಿಯ ಈ ಶ್ರೇಣಿ ಐವತ್ತು ವರ್ಷದಲ್ಲಿ ಒಮ್ಮೆಯೂ ತಲೆಕೆಳಗಾಗಿಲ್ಲ.

ಕೊನೆಯ ಭಾಗದ ಪತ್ರಗಳನ್ನು ಮಗ ಬರೆದಿದ್ದಾನೆ. ಅವನ ಅಕ್ಷರ ಸುಲಭ, ಮಾತು ಬಿಗಿ. ನಕಲು ಯಂತ್ರದ ತೆಳು ಕಾಗದದಿಂದ ಒತ್ತಿ ತೆಗೆದ ಗುರುತಿಗೆ ಶಾಯಿ ಸ್ವಲ್ಪ ಹರಡಿಕೊಂಡಿರುತ್ತದೆ, ಅಂದರೆ ಅಂಗಡಿಯಲ್ಲಿ ಪ್ರತಿ ಉಳಿದಿತ್ತು. ಕಿರಾಣಿ ಅಂಗಡಿಗಳಿಗೆ ಬಾಟಲಿ ಮಾರುವ ಪರವಾನಗಿ 1860ರ ದಶಕದ ಆರಂಭದಲ್ಲೇ ಸಿಕ್ಕಿತ್ತು, ಅಗ್ಗದ ದರದವರು ಎಲ್ಲೆಡೆ ತಲೆ ಎತ್ತಿದ್ದರು. ಅದೇ ಹೊತ್ತಿಗೆ ಫ್ರಾನ್ಸಿನ ತೋಟಗಳಿಗೆ ಫಿಲಾಕ್ಸೆರಾ ಬಿದ್ದಿತ್ತು. ಬೇರು ತಿನ್ನುವ ಈ ಪುಟ್ಟ ಕೀಟವೇ ಬಳ್ಳಿಗಳು ಸಾಯಲು ಕಾರಣ ಎಂದು 1868ರಲ್ಲಿ ಪತ್ತೆಯಾಯಿತು. ಅಮೆರಿಕದ ಬೇರಿಗೆ ಕಸಿ ಕಟ್ಟುವ ಪರಿಹಾರ ಹರಡುವ ಹೊತ್ತಿಗೆ ಲಕ್ಷಾಂತರ ಎಕರೆ ಹಾಳಾಗಿತ್ತು. ಒಳ್ಳೆಯ ದ್ರಾಕ್ಷಾರಸ ಸಾಲದೆ ಒಣದ್ರಾಕ್ಷಿ ನೆನೆಸಿ ತಯಾರಿಸಿದ್ದು ಮಾರುಕಟ್ಟೆಗೆ ನುಗ್ಗಿತು. ಮಗನ ಪತ್ರಗಳಲ್ಲಿ ಸ್ಪೇನಿನ ತಾರಾಗೋನಾದ ಹೆಸರು ಕಾಣಿಸಿಕೊಳ್ಳುವುದು ಆಗ. ಅಪ್ಪನಿಗೆ ಕಾಲೇಜು ಕೇಳುತ್ತಿದ್ದದ್ದು ಭರವಸೆಯ ಮಾತು. ಮಗನಿಗೆ ಕೇಳುವುದು ತೋಟದ ಊರಿನ ಧರ್ಮಗುರುವಿನ ಸಹಿಯಿರುವ ಪ್ರಮಾಣಪತ್ರ.

ಪಟ್ಟಿಯಲ್ಲಿ ಈ ಸರಣಿಯ ಶೀರ್ಷಿಕೆಯಿಂದ ‘ಬಿಲ್ಲುಗಳು, ಇತರೆ’ ಎಂಬುದನ್ನು ತೆಗೆಸಿದ್ದೇನೆ. ಈಗ ಅಲ್ಲಿ ವ್ಯಾಪಾರಿಯ ಹೆಸರು, ಪತ್ರಗಳು ಬಂದ ಕಾಲ, ಸಂದಾಯದ ಕ್ರಮದಲ್ಲೇ ಉಳಿಸಲಾಗಿದೆ ಎಂಬ ಟಿಪ್ಪಣಿ, ಅದರ ಕೆಳಗೆ ಇಲ್ಲದ ಪತ್ರಗಳ ಪಟ್ಟಿ ಇದೆ. ಪ್ರತಿ ಪತ್ರದ ನಮೂದಿನಿಂದ ದಿನವಹಿಯ ಪುಟಕ್ಕೆ ಕೊಂಡಿ ಕೊಟ್ಟಿದೆ. ಸುಂಕದ ದರಗಳ ಒಂದು ಕೋಷ್ಟಕವನ್ನೂ ಸೇರಿಸಿದ್ದೇನೆ, ಮುಂದೆ ಓದುವವರು ಅದನ್ನು ಹುಡುಕಿಕೊಂಡು ಅಲೆಯಬಾರದು. ನೆಲಮಾಳಿಗೆಯ ದಾಸ್ತಾನು ಪುಸ್ತಕವೊಂದು ಇನ್ನೊಂದು ಪೆಟ್ಟಿಗೆಯಲ್ಲಿ ಸಿಕ್ಕಿದೆ. ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿರುವುದರಿಂದ ಅದು ಈಗ ಕಾಗದ ಸಂರಕ್ಷಕರ ಬಳಿ ಇದೆ. ಬಂದ ಪೀಪಾಯಿಗಳಲ್ಲಿ ಪೂಜೆಗೆ ಎಷ್ಟು ಹೋಯಿತು, ಊಟಕ್ಕೆ ಎಷ್ಟು ಹೋಯಿತು ಎಂಬುದನ್ನು ಅದು ವಾಪಸು ಬಂದ ಮೇಲೆ ಲೆಕ್ಕ ಹಾಕಬೇಕು.